ಅಕ್ಕನನ್ನು ಚೆಟ್ಟಳ್ಳಿಗೆ ಮುಟ್ಟಿಸಿದ ಪಿಕಪ್

ಗಾಡಿಗೂ ಮನಸ್ಸಿರುತ್ತದೆ ಎನ್ನುವವರನ್ನು ಕಂಡರೆ ನನಗೆ ಮೊದಲಿನಿಂದಲೂ ನಗು. ಆಯುಧಪೂಜೆಯ ದಿನ ಚಕ್ರದಡಿ ನಿಂಬೆಹಣ್ಣು ಇಡುವುದೂ ಹೆಂಡತಿಯ ಮಾತಿಗಾಗಿ. ಕಬ್ಬಿಣ, ರಬ್ಬರು, ಡೀಸೆಲ್ಲು, ಇವುಗಳಲ್ಲಿ ಮನಸ್ಸು ಎಲ್ಲಿಂದ ಬರಬೇಕು? ಈಗಲೂ ಹಾಗೇ ಅನ್ನುತ್ತೇನೆ. ಆದರೆ ಅಕ್ಕನ ಮದುವೆಯ ದಿನ ನಡೆದದ್ದಕ್ಕೆ ಏನು ಹೇಳಬೇಕೋ ನನಗೆ ತಿಳಿಯದು.

ಕುಶಾಲನಗರದ ಹತ್ತಿರ ನಮ್ಮದು ಶುಂಠಿ ಬೇಸಾಯ. ಶುಂಠಿ ಹೊರುವ ಪಿಕಪ್ ತುಂಬಾ ಹಳೆಯದು. ತಳ್ಳದೆ ಸ್ಟಾರ್ಟ್ ಆಗದು, ರೇಡಿಯೇಟರ್ ಸೋರುತ್ತದೆ, ಏರು ಸಿಕ್ಕರೆ ಎಂಜಿನ್ ಕುದಿದು ನಿಂತೇಬಿಡುತ್ತದೆ. ಚೆಟ್ಟಳ್ಳಿಯ ಏರನ್ನಂತೂ ಅದು ನಿಲ್ಲದೆ ಹತ್ತಿದ್ದು ನಾನು ಕಂಡಿರಲಿಲ್ಲ.

ಅಮ್ಮ ಹೋದಮೇಲೆ ನನ್ನನ್ನು ಸಾಕಿದವಳು ಅಕ್ಕ. ಮದುವೆಯ ಮಾತು ಬಂದಾಗಲೆಲ್ಲ ದನಕರುಗಳ ನೆಪ ಹೇಳಿ ನಲವತ್ತು ದಾಟಿದಳು. ಆಮೇಲೆ ಚೆಟ್ಟಳ್ಳಿಯ ಎಸ್ಟೇಟಿನಲ್ಲಿ ಆಳುಗಳ ಹಾಜರಿ ನೋಡುವ ರೈಟರ್ ಒಬ್ಬರು ನಮ್ಮಲ್ಲಿಗೆ ಕರು ಕೊಳ್ಳಲು ಬಂದರು. ಕರು ಕೊಂಡಾದಮೇಲೂ ಬರುತ್ತಲೇ ಇದ್ದರು. ಅಕ್ಕ ನಾಚಿಕೊಂಡೇ ಒಪ್ಪಿದಳು.

ಮದುವೆ ಅವರ ಊರಿನ ದೇವಸ್ಥಾನದಲ್ಲಿ. ಆ ಬೆಳಿಗ್ಗೆ ಅಕ್ಕ ನನ್ನ ಹೆಂಡತಿಯನ್ನೂ ನೆಂಟರನ್ನೂ ಬಾಡಿಗೆ ವ್ಯಾನಿನಲ್ಲಿ ಮುಂದೆ ಕಳಿಸಿ, ರೇಷ್ಮೆ ಸೀರೆ ಎತ್ತಿ ಹಿಡಿದುಕೊಂಡು ಬಂದು ಪಿಕಪ್ ಹತ್ತಿ ಕೂತಳು.

"ತಮ್ಮಾ, ಈ ವಯಸ್ಸಲ್ಲಿ ಇದೆಲ್ಲ ಬೇಕಿತ್ತಾ ಅಂತ ಹೆದರಿಕೆ ಆಗ್ತದೆ ಕಣೋ. ಗಾಡಿ ಏರಲ್ಲಿ ನಿಂತ್ರೆ ಹಂಗೇ ವಾಪಸ್ ತಿರುಗ್ಸು. ನಿಲ್ದೇ ಹೋದ್ರೆ ತಾಳಿ ಕಟ್ಟಿಸ್ಕೋತೀನಿ."

"ಅಕ್ಕಾ, ಇದು ಯಾವತ್ತು ನಿಲ್ದೇ ಹೋಗಿದೆ?"

"ಅದಕ್ಕೇ ಇದ್ರಲ್ಲಿ ಕೂತಿರೋದು."

ಅಕ್ಕಪಕ್ಕದವರು ಸೇರಿ ತಳ್ಳಿದರು. ಟಪ್ಪೆಂದು ಏನೋ ಸದ್ದಾಗಿ ಎಂಜಿನ್ ಹತ್ತಿಕೊಂಡಿತು. ನಿಲ್ಲಿಸಿದರೆ ಮತ್ತೆ ಹೊರಡುತ್ತದೋ ಇಲ್ಲವೋ ಎಂದು, ಸದ್ದು ಏನೆಂದು ನೋಡಲೂ ಇಳಿಯದೆ ಹೊರಟೆ. ಏರು ಶುರುವಾದಾಗ ನನ್ನ ಕಣ್ಣೆಲ್ಲ ಬಿಸಿ ತೋರಿಸುವ ಮುಳ್ಳಿನ ಮೇಲೆ. ಅದು ಅಲುಗಲಿಲ್ಲ. ಎರಡೂ ಕಡೆ ಕಾಫಿ ಹೂಬಿಟ್ಟು ಬೆಳ್ಳಗಿತ್ತು. ಗಾಡಿ ಯಾವಾಗಲೂ ಕೈಕೊಡುವ ತಿರುವಿನಲ್ಲಿ ಅಕ್ಕ ನನ್ನ ತೋಳು ಗಟ್ಟಿಯಾಗಿ ಹಿಡಿದಳು. ತಿರುವು ದಾಟಿತು. ಅಕ್ಕ ಮೊದಲು ಕಣ್ಣೊರೆಸಿಕೊಂಡಳು, ಆಮೇಲೆ ನಗತೊಡಗಿದಳು, ಕೊನೆಗೆ ತನ್ನ ಮದುವೆಗೆ ತಾನೇ ಗಟ್ಟಿಯಾಗಿ ಸೋಬಾನೆ ಹೇಳಲು ಶುರುಮಾಡಿದಳು. ಕೆಲಸಕ್ಕೆ ಹೊರಟಿದ್ದ ಹೆಂಗಸರು ದಾರಿಬದಿಯಲ್ಲಿ ನಿಂತು ಕೈಬೀಸಿದರು.

ತಾಳಿ ಕಟ್ಟಿಯಾಗಿ, ನಾವು ಊಟಕ್ಕೆ ಕೂತಾಗ, ದನ ನೋಡಿಕೊಳ್ಳಲು ಊರಲ್ಲೇ ಉಳಿದಿದ್ದ ಪಕ್ಕದ ಮನೆಯ ಸಾವಿತ್ರಮ್ಮ ಫೋನ್ ಮಾಡಿದರು. "ಅಣ್ಣಾ, ನಿಮ್ ಗಾಡೀದು ಎಂಥದೋ ಕರೀ ಬೆಲ್ಟು ಅಂಗಳದಲ್ಲಿ ಬಿದ್ದಿತ್ತು. ನಾಯಿ ಕಚ್ಕೊಂಡು ಓಡಾಡ್ತದೆ!"

ಎದ್ದು ಹೋಗಿ ಬಾನೆಟ್ ಎತ್ತಿದೆ. ಫ್ಯಾನ್ ಬೆಲ್ಟ್ ಇರಲಿಲ್ಲ. ಎಂಜಿನ್ನಿಗೆ ನೀರು ತಿರುಗಿಸುವ ಪಂಪನ್ನೂ ಫ್ಯಾನನ್ನೂ ಓಡಿಸುವುದು ಅದೇ. ಅಲ್ಲಿನ ಮೆಕ್ಯಾನಿಕ್ ಬಗ್ಗಿ ನೋಡಿ ನಕ್ಕುಬಿಟ್ಟ. "ಇದಿಲ್ದೆ ಈ ಏರು ಹತ್ತಿದ್ರಾ? ಬೇರೆ ಯಾರಿಗಾದ್ರೂ ಹೇಳಿ ಸಾರ್."

ಹೊಸ ಬೆಲ್ಟ್ ಹಾಕಿಸಿಕೊಂಡು ಹೊರಟೆ. ಇಳಿಜಾರಿನಲ್ಲೇ ಎರಡು ಸಲ ಕುದಿಯಿತು!

ಆಮೇಲೆ ಒಂದು ದಿನ ಹಟಕ್ಕೆ ಬಿದ್ದು, ಅಂಥದೇ ತಂಪು ಬೆಳಿಗ್ಗೆ ಖಾಲಿ ಗಾಡಿಯ ಬೆಲ್ಟ್ ಬಿಚ್ಚಿಟ್ಟು ಅದೇ ದಾರಿಯಲ್ಲಿ ಹೋದೆ. ಏರು ಸಿಗುವ ಮೊದಲೇ ಬುಸ್ಸೆಂದು ಹಬೆ ಎದ್ದು ನಿಂತಿತು. ಮದುವೆಯ ದಿನ ತಂಪು ಹೊತ್ತಿತ್ತು, ಗಾಡಿ ಖಾಲಿಯಿತ್ತು ಎಂದೆಲ್ಲ ನನಗೆ ನಾನೇ ಹೇಳಿಕೊಂಡಿದ್ದ ಕಾರಣಗಳು ಅಲ್ಲಿಗೆ ಮುಗಿದವು.

ಅಕ್ಕನಿಗೆ ಹೇಳಿದೆ. ಗಂಡನಿಗೆ ರೊಟ್ಟಿ ತಟ್ಟುತ್ತಿದ್ದವಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ಆಮೇಲೆ ಥಟ್ಟನೆ ನಗು ನಿಲ್ಲಿಸಿ ಕೇಳಿದಳು:

"ಹಂಗಾದ್ರೆ ಅವತ್ತು ನಮ್ಮನ್ನ ಇಲ್ಲಿಗೆ ತಂದದ್ದು ಎಂಥದೋ?"