ಮಕ್ತಲ್ ಮೇಲೆ ವಿಮಾನ ನಿಲ್ಲಿಸಿದ ಅವ್ವ

ಸರಿಯಾಗಿ ಮಕ್ತಲ್ ಊರಿನ ಮೇಲೆ ಬಂದಾಗ ನಮ್ಮ ಅವ್ವ ಪೆಡಲ್ ತುಳಿಯುವುದನ್ನು ನಿಲ್ಲಿಸಿಬಿಟ್ಟಳು. ವಿಮಾನ ಮೂತಿ ಕೆಳಗೆ ಮಾಡಿ ನೇರ ಹೊಲಕ್ಕೆ ಬಿತ್ತು.

ವಿಮಾನ ಇದ್ದದ್ದು ನನ್ನ ಲ್ಯಾಪ್‌ಟಾಪ್‌ನಲ್ಲಿ. ಅವ್ವ ಕೂತದ್ದು ನಾರಾಯಣಪೇಟೆಯ ನಮ್ಮ ಪಡಸಾಲೆಯಲ್ಲಿ, ಸ್ಟ್ಯಾಂಡ್ ಹಾಕಿ ನಿಲ್ಲಿಸಿದ ನನ್ನ ಹೈಸ್ಕೂಲ್ ಸೈಕಲ್ ಮೇಲೆ.

ಮಗ್ಗ ತುಳಿದು ತುಳಿದು ಅವ್ವನ ಮೊಣಕಾಲು ಹಿಡಿದುಕೊಂಡಿದ್ದವು. ಬಸ್ಸಿನ ಮೆಟ್ಟಿಲು ಹತ್ತಲಾಗದೆ ಗದ್ವಾಲದ ಚಿಕ್ಕವ್ವನ ಮನೆಗೆ ಹೋಗುವುದೇ ನಿಂತಿತ್ತು. ದಿನಾ ಸೈಕಲ್ ತುಳಿದರೆ ಸಡಿಲಾಗುತ್ತದೆ ಅಂದರು ಡಾಕ್ಟರು.

ಅವ್ವ ಒಪ್ಪಲಿಲ್ಲ. "ಮಗ್ಗ ತುಳಿದ್ರ ಸೀರಿ ಬರ್ತಿತ್ತು. ಇದನ್ನ ತುಳಿದ್ರ ಏನ್ ಬರ್ತೈತಿ?"

ನಾನು ಭಾಷಣ ಮಾಡಿದೆ. ದುಡಿಯುವವರ ದೇಹ ಬರೀ ದುಡಿಮೆಗಲ್ಲ, ವ್ಯಾಯಾಮ ಸಾಹುಕಾರರ ಸ್ವತ್ತಲ್ಲ... ಕಾರ್ಮಿಕ ಸಂಘಕ್ಕೆ ನಾನು ಬರೆಯುವ ಕಿರುಹೊತ್ತಿಗೆಗಳಲ್ಲಿ ಇದ್ದದ್ದೆಲ್ಲ ಹೇಳಿದೆ. ಈಗಲೂ ಅದನ್ನೇ ನಂಬುತ್ತೇನೆ. ಅವ್ವ ಕೇಳುತ್ತಾ ಕೇಳುತ್ತಾ ಬೆಳ್ಳುಳ್ಳಿ ಸುಲಿದು ಮುಗಿಸಿದಳು.

ಆಗ ಹೊಳೆದದ್ದು ಇದು. ಪುಕ್ಕಟೆ ಸಿಗುವ ಫ್ಲೈಟ್ ಸಿಮ್ಯುಲೇಟರ್ ಹಾಕಿಕೊಂಡೆ, ಹಿಂದಿನ ಗಾಲಿಗೆ ಸೆನ್ಸರ್ ಕಟ್ಟಿದೆ. ತುಳಿದರೆ ಎಂಜಿನ್ ಓಡುತ್ತದೆ, ಬಿಟ್ಟರೆ ವಿಮಾನ ಬೀಳುತ್ತದೆ. ದಿಕ್ಕು ತಿರುಗಿಸುವುದು ನನ್ನ ಕೆಲಸ.

ಆಕಾಶ ಯಾರಪ್ಪನದೂ ಅಲ್ಲ, ನಡಿ ಗದ್ವಾಲಕ್ಕೆ ಅಂದೆ. ಹೊರಟಳು. ಮಕ್ತಲ್ ಬಂತು ನೋಡವ್ವ ಅಂದದ್ದೇ ತಪ್ಪಾಯಿತು.

ಯಾಕೆ ನಿಲ್ಲಿಸಿದೆ ಅಂತ ಕೇಳಿದರೆ ಅವಳಿಗೆ ನನ್ನ ಪ್ರಶ್ನೆಯೇ ವಿಚಿತ್ರ. "ಗದ್ವಾಲ ಬಸ್ಸು ಮಕ್ತಲ್‌ನಾಗ ನಿಂದ್ರೂದಿಲ್ಲೇನು? ಇಳಿಯೋರು ಇರ್ತಾರಲ್ಲ."

ನಾನು ಬಿದ್ದು ಬಿದ್ದು ನಕ್ಕೆ. ಅವಳು ನಗಲಿಲ್ಲ. ಪರದೆಯನ್ನೇ ನೋಡುತ್ತಾ, "ಒಳಗ ಮಂದಿ ಇದ್ರೇನು?" ಅಂದಳು.

ಯಾರೂ ಇಲ್ಲವ್ವ, ಖಾಲಿ ಅಂದೆ. ಅಷ್ಟು ದೊಡ್ಡ ಗಾಡಿ ಖಾಲಿ ಯಾರು ಓಡಿಸುತ್ತಾರೆ ಅಂತ ಅವಳ ವಾದ.

ಮರುದಿನ ನಾನು ಕರೆಯುವ ಮೊದಲೇ ಸೀರೆ ಎತ್ತಿಕಟ್ಟಿ ಸೈಕಲ್ ಏರಿದ್ದಾಳೆ. ಪಕ್ಕದ ಮನೆಯ ಪದ್ದಮ್ಮ ಬಾಗಿಲಲ್ಲಿ ನಿಂತು, ಗದ್ವಾಲಕ್ಕೆ ಟಿಕೆಟ್ ಎಷ್ಟಕ್ಕಾ ಅಂತ ತೆಲುಗಿನಲ್ಲಿ ಛೇಡಿಸುತ್ತಾಳೆ.

ಅವ್ವ ತಿರುಗಿಯೂ ನೋಡುವುದಿಲ್ಲ. "ಸುಮ್ನ ಕುಂದ್ರ ಬೇ. ಮಂದಿ ಅದಾರ ಒಳಗ."

ಮಕ್ತಲ್ ದಾಟಿತು. ಕೃಷ್ಣಾ ಹೊಳೆ ದಾಟಿತು. ಬೆವರು ಗದ್ದಕ್ಕೆ ಬಂದರೂ ಗದ್ವಾಲದಲ್ಲಿ ಇಳಿಸುವ ತನಕ ಕಾಲು ಬಿಡಲಿಲ್ಲ. ಆಮೇಲೆ ತಿಂಗಳುಗಟ್ಟಲೆ ದಿನಾ ಇದೇ ರೂಟು.

ತನ್ನ ಕಾಲಿನ ಸಲುವಾಗಿ ತುಳಿ ಅಂದರೆ ತುಳಿಯದವಳು ಒಳಗಿನ ಮಂದಿಯ ಸಲುವಾಗಿ ತುಳಿದಳು... ನನ್ನ ಹೊತ್ತಿಗೆಗಳು ಹೇಳುವುದೂ ಇದನ್ನೇ ಅಲ್ಲವಾ, ಬಹಳ ಉದ್ದ ಮಾಡಿ?

ನಿನ್ನೆ ಗದ್ವಾಲಕ್ಕೆ ನಿಜವಾದ ಬಸ್ಸಿಗೆ ಹೋದೆವು. ನಾನು ಚಾಚಿದ ಕೈ ಹಿಡಿಯದೆ, ಕಂಬಿ ಹಿಡಿದು ತಾನೇ ಹತ್ತಿದಳು.

ಮಕ್ತಲ್‌ನಲ್ಲಿ ಬಸ್ಸು ನಿಂತಿತು. ಕೆಲವರು ಚಹಾಕ್ಕೆ ಇಳಿಯುತ್ತಿದ್ದಾರೆ, ಉಳಿದ ಮಂದಿ ಒಳಗೇ ಇದ್ದಾರೆ. ನೋಡಿದರೆ ಸೀಟಿನ ಕೆಳಗೆ ಅವ್ವನ ಕಾಲು ಮೆಲ್ಲಗೆ ತುಳಿಯುತ್ತಲೇ ಇವೆ.

ನಾನೂ ಜೊತೆಗೆ ತುಳಿದೆ... ನೀವಾಗಿದ್ದರೆ ಸಾಕು ನಿಲ್ಲಿಸವ್ವ ಅನ್ನುತ್ತಿದ್ದಿರಾ?