ರ‍್ಯಾಂಡಲ್ ತೋರಿಸುತ್ತಿದ್ದ ಆಚೆ ದಡ

ಕಡಲಂಚಿನ ಹಳೆಯ ಕೋಟೆಯಲ್ಲಿದ್ದ ನಮ್ಮ ಹೋಟೆಲಿನ ಬಸ್ಸು ಓಡಿಸುತ್ತಿದ್ದವನು ರ‍್ಯಾಂಡಲ್ ಮೆಕಿಲ್ಲಪ್. ಅತಿಥಿಗಳು ತಿಂಡಿ ಮುಗಿಸಿ ಹೊರಡುವವರೆಗೆ ಅವನು ನನ್ನ ಅಡುಗೆಮನೆಯಲ್ಲಿ, ಒಲೆಯ ಪಕ್ಕದ ಸ್ಟೂಲಿನ ಮೇಲೆ ಚಹಾ ಹಿಡಿದು ಕೂತು, ನಾನು ಸುಟ್ಟ ಸೋಡಾ ಬ್ರೆಡ್ಡಿಗೆ ಹೆಸರಿಡುತ್ತಿದ್ದ.

"ಇದನ್ನ ಕೋಟೆ ಹಿಂದಿನ ಗೋಡೆಗೆ ಕಲ್ಲಿನ ಬದಲು ಇಟ್ಟು ಕಟ್ಟಬಹುದಿತ್ತು ಬ್ರೀಜ್. ಇನ್ನೂ ನೂರು ವರ್ಷ ಬೀಳ್ತಿರಲಿಲ್ಲ."

"ನಿನ್ನ ಹಲ್ಲು ಅಲ್ಲಾಡಿದ್ರೆ ಬ್ರೆಡ್ಡೇನು ಮಾಡುತ್ತೆ? ಎದ್ದು ನಡಿ, ಕಾಯ್ತಿದ್ದಾರೆ."

ಆಮೇಲೆ ಬಸ್ಸು ಕಡಲಂಚಿನ ರಸ್ತೆ ಹಿಡಿದು ಉತ್ತರಕ್ಕೆ ಹೋಗುತ್ತಿತ್ತು. ಮೊದಲು ಟಾರ್ ಹೆಡ್ ಎಂಬ ಬಂಡೆಯ ಮೂಗು, ಆಮೇಲೆ ಹಗ್ಗದ ಸೇತುವೆ, ಕೊನೆಗೆ ದೈತ್ಯನ ಕಲ್ಲುಹಾದಿ ಎಂದು ಕರೆಯುವ ಕಲ್ಲುಕಂಬಗಳ ಸಾಲು. ಸಂಜೆ ಒದ್ದೆ ಶೂಗಳೊಡನೆ ವಾಪಸು ಬಂದ ಅತಿಥಿಗಳು ಸೂಪು ಕುಡಿಯುತ್ತ ಕಡಲಿಗಿಂತ ಹೆಚ್ಚಾಗಿ ರ‍್ಯಾಂಡಲನ ಮಾತನ್ನೇ ಹೊಗಳುತ್ತಿದ್ದರು.

ಟಾರ್ ಹೆಡ್‌ನಲ್ಲಿ ನಿಂತರೆ, ಮೋಡವಿಲ್ಲದ ದಿನ, ಆಚೆ ದಡದ ಸ್ಕಾಟ್ಲೆಂಡಿನ ಬಿಳಿ ಮನೆಗಳು ಕಾಣುತ್ತವೆ. ಅವುಗಳಲ್ಲೊಂದು ಅವನ ತಂಗಿ ಡಿಂಪ್ನಾಳದ್ದು. ಊರಿಗೆಲ್ಲ ಗೊತ್ತಿತ್ತು, ಅವನೆದುರು ಯಾರೂ ಆ ಮಾತು ಎತ್ತುತ್ತಿರಲಿಲ್ಲ.

ಡಿಂಪ್ನಾ ಹುಡುಗಿಯಾಗಿದ್ದಾಗ ಇದೇ ಹೋಟೆಲಿನಲ್ಲಿ ಹಾಸಿಗೆ ಹಾಸುತ್ತಿದ್ದಳು. ಕುರಿ ಕೊಳ್ಳಲು ಆಚೆಯಿಂದ ಬಂದಿದ್ದ ಹ್ಯೂ ಎಂಬವನನ್ನು ಮೆಚ್ಚಿ, ಮದುವೆಯಾಗುತ್ತೇನೆಂದಳು. ಅವನು ಪ್ರಾಟೆಸ್ಟೆಂಟ್. ಮೆಕಿಲ್ಲಪ್ ಮನೆಯವರು ಭಾನುವಾರದ ಪೂಜೆ ಒಂದನ್ನೂ ತಪ್ಪಿಸದ ಕ್ಯಾಥೋಲಿಕರು. ಆ ಮದುವೆಗೆ ಹೋದವರು ಮತ್ತೆ ಈ ಹೊಸಲು ತುಳಿಯಕೂಡದು ಎಂದಳು ತಾಯಿ. ರ‍್ಯಾಂಡಲ್ ಹೋಗಲಿಲ್ಲ. ಅಷ್ಟಾಗಿದ್ದರೆ ಕಾಲ ಕಳೆದಂತೆ ಸರಿಹೋಗುತ್ತಿತ್ತೇನೋ. ಆದರೆ ತಾಯಿ ತೀರಿಕೊಂಡಾಗ ಅವನು ಆಚೆಗೆ ಸುದ್ದಿಯನ್ನೇ ಕಳಿಸಲಿಲ್ಲ. ಮಣ್ಣಾದ ಮೇಲೆ ಯಾರೋ ಮೀನುಗಾರ ಹೇಳಿ ಡಿಂಪ್ನಾಳಿಗೆ ತಿಳಿಯಿತು. ಅವಳು ಅಳುತ್ತ ಫೋನು ಮಾಡಿದಳು. "ಮನೆಯವರಿಗೆ ಮಾತ್ರ ಹೇಳೋದು" ಎಂದು ಇವನು ಫೋನು ಇಟ್ಟುಬಿಟ್ಟ. ಅಣ್ಣತಂಗಿಯರ ನಡುವೆ ಅದೇ ಕೊನೆಯ ಮಾತು ಎಂದುಕೊಂಡಿದ್ದೆವು.

ಒಂದು ಸೆಪ್ಟೆಂಬರಿನಲ್ಲಿ ಐಲ್ಸಾ ಎಂಬ ಹೆಂಗಸು ಒಬ್ಬಳೇ ಬಂದು ಹೋಟೆಲಿನಲ್ಲಿ ಉಳಿದಳು. ಬಂದ ಮಾರನೆಯ ದಿನ ಬಸ್ಸು ಹತ್ತಿದಳು. ಅದರ ಮಾರನೆಯ ದಿನವೂ ಅದೇ ಬಸ್ಸು, ಅದೇ ಬಂಡೆ, ಅದೇ ಸೇತುವೆ. ಮೂರನೆಯ ಬೆಳಿಗ್ಗೆ ಅಡುಗೆಮನೆಯ ಹಿಂಬಾಗಿಲಿನಿಂದ ನೇರ ಒಳಗೆ ಬಂದಳು.

ರ‍್ಯಾಂಡಲ್ ಎಂದಿನಂತೆ ಶುರುಮಾಡಿದ. "ಇವತ್ತೂ ಬರ್ತೀರಾ ಮೇಡಂ? ನನ್ನ ಜೋಕು ಅಷ್ಟು ಚೆನ್ನಾಗಿದ್ಯಾ?"

"ಇಲ್ಲ. ಮೊನ್ನೆ ಹೇಳಿದ್ದನ್ನೇ ನಿನ್ನೆಯೂ ಹೇಳಿದ್ರಿ." ಅವಳು ನಗಲಿಲ್ಲ. "ನಾನು ಡಿಂಪ್ನಾ ಮಗಳು, ಮಾಮ."

ಅವನು ಚಹಾ ಕೆಳಗಿಟ್ಟ. "ಹೇಗಿದಾಳೆ ಅವಳು?" ಎಂದ.

"ಈಸ್ಟರಿಗೆ ಮುಂಚೆ ತೀರಿಕೊಂಡ್ಳು."

"ನನಗೆ ಯಾರೂ ಹೇಳ್ಲೇ..." ಎಂದವನು ಅಲ್ಲಿಗೇ ಬಾಯಿ ಮುಚ್ಚಿಕೊಂಡ. ನಾನು ಒಲೆಯ ಕಡೆ ತಿರುಗಿ ನಿಂತೆ.

ಐಲ್ಸಾ ಮೆಲ್ಲಗೆ ಹೇಳಿದಳು. "ಹೋದ ವರ್ಷ ಬೇಸಿಗೇಲಿ ಡಾಕ್ಟರು ಕೈಚೆಲ್ಲಿದ ಮೇಲೆ ಅಮ್ಮ ಇಲ್ಲಿಗೆ ಬಂದಿದ್ಳು. ಅಪ್ಪನ ಹೆಸರಲ್ಲಿ ರೂಮು ಹಿಡಿದು, ನಿಮ್ಮ ಬಸ್ಸಲ್ಲೇ ದಿನವಿಡೀ ಕೂತಿದ್ಳು. ಸಂಜೆ ವಾಪಸು ಬಂದ ಮೇಲೆ ಮಾತಾಡಿಸೋದು ಅಂತ. ಟಾರ್ ಹೆಡ್‌ನಲ್ಲಿ ಯಾರೋ ಕೇಳಿದ್ರಂತೆ, ಆಚೆ ನಿಮ್ಮ ಬಂಧುಬಳಗ ಇದ್ಯಾ ಅಂತ. ನೀವೇನಂದ್ರಿ, ನೆನಪಿದ್ಯಾ?"

ನೆನಪಿರಬೇಕಾದ ಅಗತ್ಯವೇ ಇರಲಿಲ್ಲ. ಆ ಪ್ರಶ್ನೆಗೆ ಅವನು ಯಾವಾಗಲೂ ಕೊಡುತ್ತಿದ್ದದ್ದು ಒಂದೇ ಉತ್ತರ: "ಅಲ್ಲಿ ನನ್ನೋರು ಯಾರೂ ಇಲ್ಲ, ಬರೀ ಕುರಿ." ಬಸ್ಸಿಗೆ ಬಸ್ಸೇ ನಗುತ್ತಿತ್ತು.

"ಅಮ್ಮನೂ ನಕ್ಕಳಂತೆ" ಎಂದಳು ಐಲ್ಸಾ. "ಆಮೇಲೆ ಮಾತಾಡ್ಸೋಕೆ ಮನಸ್ಸಾಗ್ಲಿಲ್ಲ ಅಂದ್ಳು."

ರ‍್ಯಾಂಡಲ್ ಸ್ಟೂಲಿನಿಂದ ಎದ್ದು ನಿಂತ. "ಹಸಿರು ಸ್ಕಾರ್ಫು" ಎಂದ. "ತುಂಬ ಬಡಕಲು. ಸೇತುವೆ ಹತ್ರ ಇಳೀಲೇ ಇಲ್ಲ. ಯಾಕಮ್ಮಾ, ಹೆದರಿಕೆನಾ ಅಂತ ನಾನೇ ರೇಗಿಸ್ದೆ. ಚಿಕ್ಕೋಳಿದ್ದಾಗ ಬೇಕಾದಷ್ಟು ದಾಟಿದೀನಿ ಅಂದ್ಳು. ಆಗ್ಲೂ ಹೊಳೀಲಿಲ್ಲ ನಂಗೆ. ಸಂಜೆ ಕೈ ಹಿಡಿದು ಇಳಿಸ್ದೆ ಬ್ರೀಜ್. ಕೈ ಬಿಡ್ಲೇ ಇಲ್ಲ ಅವಳು, ಸ್ವಲ್ಪ ಹೊತ್ತು. ನಾನು... ಟಿಪ್ಸು ಕೊಡ್ತಾಳೇನೋ ಅಂತ ನಿಂತಿದ್ದೆ."

"ನಾನು ನಿಮ್ಮನ್ನ ಬೈಯೋಕೇ ಬಂದಿದ್ದು ಮಾಮ. ಆದ್ರೆ ನೀವು ಅಮ್ಮನ ಥರಾನೇ ನಗ್ತೀರಿ. ಎರಡು ದಿನದಿಂದ ಬಾಯೇ ಬರ್ತಿಲ್ಲ."

ಅವತ್ತು ಬಸ್ಸನ್ನು ಬೇರೆಯವರು ಓಡಿಸಿದರು.

ಆ ವಾರವೇ ಅವನು ಐಲ್ಸಾಳ ಜೊತೆ ಸಣ್ಣ ಬೋಟಿನಲ್ಲಿ ಆಚೆಗೆ ಹೋದ. ಜೀವಮಾನವಿಡೀ ಬೆರಳು ಮಾಡಿ ತೋರಿಸಿದ ದಡದ ಮೇಲೆ ಕಾಲಿಟ್ಟದ್ದು ಅದೇ ಮೊದಲು. ಹ್ಯೂ ಬಾಗಿಲಲ್ಲೇ ನಿಂತಿದ್ದನಂತೆ. ಬೈಯಲಿಲ್ಲ, ಕೈ ಕುಲುಕಲೂ ಇಲ್ಲ. ಕೆಟಲು ಒಲೆಯ ಮೇಲಿಟ್ಟು, ಕುರ್ಚಿ ಎಳೆದು ಕೊಟ್ಟ. ಆ ಕುರ್ಚಿಯೆದುರಿನ ಕಿಟಕಿಯಲ್ಲಿ ನಮ್ಮ ಕರಾವಳಿಯೆಲ್ಲ ಹರಡಿಕೊಂಡಿತ್ತು. ಗಾಜಿನ ಮೇಲೆ ಕೂರುವ ಉಪ್ಪನ್ನು ಡಿಂಪ್ನಾ ದಿನಾ ಒರೆಸುತ್ತಿದ್ದಳು ಎಂದ ಹ್ಯೂ.

"ಇಲ್ಲಿಂದ ನನ್ನ ಬಸ್ಸು ಕಾಣುತ್ತಾ?" ರ‍್ಯಾಂಡಲ್ ಕೇಳಿದ.

"ಎಲ್ಲಿ ಕಾಣುತ್ತೆ, ಅಷ್ಟು ದೂರದಿಂದ? ಅವಳು ಮಾತ್ರ ಕಾಣುತ್ತೆ ಅಂತಿದ್ಳು."

ಇದನ್ನೆಲ್ಲ ಅವನು ನನಗೆ ಹೇಳಿದ್ದು ವಾಪಸು ಬಂದ ಮೇಲೆ, ತುಂಡುತುಂಡಾಗಿ. ಒಮ್ಮೆ ಆಲೂಗಡ್ಡೆ ಸುಲಿಯುತ್ತಿದ್ದ ನನ್ನೆದುರು ನಿಂತು, "ತಪ್ಪಾಯ್ತು ಅಂತ ಹ್ಯೂ ಹತ್ರ ಹೇಳ್ದೆ ಬ್ರೀಜ್" ಎಂದ. "ಅದನ್ನ ತಗೊಳೋಕೆ ನಾನ್ಯಾರು ಅಂದ. ಸರಿಯಾಗೇ ಹೇಳ್ದ. ಅವಳೇ ಬಂದಿದ್ಳಲ್ಲ. ಕೈಗೇ ಸಿಕ್ಕಿದ್ಳಲ್ಲ." ಚಹಾ ಬಗ್ಗಿಸಿಕೊಟ್ಟೆ. ಅವನು ಕುಡಿಯಲಿಲ್ಲ.

ಮುಂದಿನ ವಸಂತಕ್ಕೆ ಅವನು ಬಸ್ಸು ಬಿಟ್ಟ. ಕುರಿಯ ಉಣ್ಣೆ ಕತ್ತರಿಸುವ ಕಾಲಕ್ಕೆ ಆಚೆ ಹೋಗಿ ಹ್ಯೂಗೆ ನೆರವಾಗುತ್ತಾನೆ. ಹಗಲು ಕೆಲಸ ಮಾಡಿ, ಸಂಜೆ ಇಬ್ಬರು ಮುದುಕರೂ ಎದುರುಬದುರು ಕೂತು ಉಣ್ಣುತ್ತಾರಂತೆ. ಹ್ಯೂನದು ಮೊದಲಿನಿಂದಲೂ ಮಾತು ಕಡಿಮೆ. ರ‍್ಯಾಂಡಲ್ ಕೂಡ ಆ ಮನೆಯಲ್ಲಿ ಕೇಳಿದ್ದಕ್ಕಷ್ಟೇ ಉತ್ತರ ಕೊಡುತ್ತಾನೆ, ಜೋಕು ಹೇಳುವುದಿಲ್ಲ ಎಂದು ಐಲ್ಸಾ ಹೇಳಿದಳು.