ನೆಂಟರಲ್ಲದ ಹೆಣ್ಣು ಹುಡುಕಿಕೊಂಡು ಉಳವಿಗೆ

ಶಿಕಾರಿಪುರದಿಂದ ಬೆಳಗಿನ ಬಸ್ಸಿಗೆ ನಾಲ್ವರು ಹೊರಟೆವು: ನಾನು, ನಮ್ಮನೆಯವರು, ಮಗ ಮಂಜುನಾಥ, ಮಗಳು ಗಿರಿಜಾ. ತೊಂಬತ್ನಾಲ್ಕನೇ ಇಸವಿಯ ಫೆಬ್ರವರಿ. ಚಳಿ ಇನ್ನೂ ಪೂರ್ತಿ ಬಿಟ್ಟಿರಲಿಲ್ಲ. ಡಬ್ಬಿಯಲ್ಲಿ ರೊಟ್ಟಿ, ಶೇಂಗಾ ಚಟ್ನಿಪುಡಿ ಕಟ್ಟಿಕೊಂಡಿದ್ದೆ. ಉಳವಿಯಲ್ಲಿ ಮಂಜುನಾಥನಿಗೆ ಹೆಣ್ಣು ನೋಡುವುದಿತ್ತು. ಷರತ್ತು ಒಂದೇ: ಹೆಣ್ಣಿನ ಕಡೆಯವರು ಯಾವ ದಾರಿಯಿಂದಲೂ ನಮಗೆ ನೆಂಟರಾಗಿರಬಾರದು.

ಷರತ್ತು ಹಾಕಿದವರು ಶಿವಮೊಗ್ಗದ ಕಿವಿ ಡಾಕ್ಟರು. ನಮ್ಮನೆಯವರು ನನಗೆ ಸೋದರಮಾವ. ಗಿರಿಜಾಗೆ ಹುಟ್ಟಿನಿಂದಲೂ ಕಿವಿ ಕೇಳುವುದಿಲ್ಲ. "ರಕ್ತಸಂಬಂಧದಲ್ಲಿ ಮದುವೆಯಾದ್ರೆ ಇಂಥದ್ದು ಹೆಚ್ಚು. ಮುಂದೆ ರಕ್ತ ನೋಡಿಯೇ ಹೇಳೋ ಕಾಲ ಬರಬಹುದು, ಅಲ್ಲೀವರೆಗೆ ವಂಶ ವಿಚಾರಿಸೋದೊಂದೇ ದಾರಿ" ಎಂದಿದ್ದರು. ಅಂದಿನಿಂದ ನಮ್ಮಣ್ಣನ ಮಗಳನ್ನು ತಂದುಕೊಳ್ಳುವ ಮಾತು ನಿಂತಿತು. ಅಣ್ಣನೂ ನಮ್ಮನೆಗೆ ಬರುವುದನ್ನು ನಿಲ್ಲಿಸಿದ.

ಕಷ್ಟವೇನೆಂದರೆ, ನಮ್ಮನೆಯವರು ಯಾರನ್ನು ಕಂಡರೂ ನೆಂಟಸ್ತನ ಹುಡುಕದೆ ಬಿಡುವವರಲ್ಲ. ಶಿರಾಳಕೊಪ್ಪ ಬರುವಷ್ಟರಲ್ಲಿ ಪಕ್ಕದ ಸೀಟಿನವರು ಅವರ ಷಡ್ಡಕನ ಬೀಗರಾಗಿದ್ದರು. ಸೊರಬದಲ್ಲಿ ಬಸ್ ಬದಲಿಸಬೇಕಿತ್ತು. ಬಿಸಿಲೇರಿತ್ತು. ಮಿರ್ಚಿ ತಿಂದು ಚಹಾ ಕುಡಿಯುವಷ್ಟರಲ್ಲಿ ಹೋಟೆಲಿನವರೂ ದಾಯಾದಿಗಳಾದರು, ಚಹಾದ ದುಡ್ಡು ಮುಟ್ಟಲಿಲ್ಲ.

"ಉಳವಿಯೊಳಗೆ ಬಾಯಿ ಬಿಗಿ ಹಿಡ್ಕೊಂಡಿರ್ರಿ" ಎಂದೆ. "ಸಿಕ್ಕೋರೆಲ್ಲ ನೆಂಟರಾದ್ರೆ ಇವನು ಬ್ರಹ್ಮಚಾರಿಯಾಗೇ ಉಳೀತಾನ."

"ನಾನೇನು ಬೇಕಂತ ಮಾಡ್ತೀನೇನೇ? ಅವ್ರೇ ನೆಂಟರಾಗಿರ್ತಾರೆ" ಎಂದರು.

ಉಳವಿಯ ಬಸ್ಸಿನಲ್ಲಿ ನಿಂತೇ ಹೋದೆವು. ಹೆಣ್ಣಿನ ತಂದೆ ವೀರಭದ್ರಪ್ಪನವರು ಸ್ಟಾಪಿಗೇ ಬಂದಿದ್ದರು. ಮನೆಯಲ್ಲಿ ಜಮಖಾನ ಹಾಸಿ, ಉಪ್ಪಿಟ್ಟು, ಬಾಳೆಹಣ್ಣು ಇಟ್ಟರು. ತಟ್ಟೆ ತಂದುಕೊಟ್ಟ ಹುಡುಗಿಯೇ ಶೋಭಾ. ಎಣ್ಣೆಗಪ್ಪು ಬಣ್ಣ, ನೇರ ನೋಟ. ಮಂಜುನಾಥ ಉಪ್ಪಿಟ್ಟಿನೊಳಗಿನ ಮೆಣಸಿನಕಾಯಿಯನ್ನು ಬೀನ್ಸ್ ಎಂದುಕೊಂಡು ಅಗಿದಿದ್ದು ನೋಡಿದರೆ, ಹುಡುಗಿ ಅವನಿಗೆ ಒಪ್ಪಿಗೆಯಾದಳೆಂದು ಗೊತ್ತಾಗುತ್ತಿತ್ತು.

ಆದರೆ ಮಾತೇ ಹುಟ್ಟಲಿಲ್ಲ. ನಮ್ಮ ಕಡೆ ಹೆಣ್ಣು ನೋಡುವುದೆಂದರೆ ಯಾವ ಊರು, ಯಾರ ಮನೆ, ಯಾರಿಗೆ ಏನಾಗಬೇಕು ಎನ್ನುವುದೇ ಮಾತು. ಅದನ್ನು ಬಿಟ್ಟರೆ ಇನ್ನೇನಿದೆ?

"ಬಿಸ್ಲು ಜೋರೈತಿ" ಎಂದರು ನಮ್ಮನೆಯವರು.

"ಹೌದ್ರಿ, ಜೋರು" ಎಂದರು ವೀರಭದ್ರಪ್ಪನವರು.

ಸ್ವಲ್ಪ ಹೊತ್ತು ಬಿಟ್ಟು ಇವರು ಮತ್ತೆ, "ನಿನ್ನೇನೂ ಜೋರಿತ್ತು" ಎಂದರು. ಹಣೆಯಲ್ಲಿ ಬೆವರು. ಅದು ಬಿಸಿಲಿನದ್ದಲ್ಲ.

ಅಷ್ಟರಲ್ಲಿ ಒಳಗಿನಿಂದ ಶೋಭಾಳ ಅಜ್ಜಿ ಬಂದು ನನ್ನ ಪಕ್ಕ ಕೂತರು. "ನಿನ್ನ ತವರು ಯಾವ್ದೇ ಮಗಾ?"

ಸುಳ್ಳು ಹೇಳಲು ಬಾಯಿ ಬರಲಿಲ್ಲ. "ಈಸೂರು."

"ಈಸೂರೊಳಗೆ ಯಾರ ಮನೆ?"

"ಬಾವಿ ಹತ್ತಿರದ ಮನೇರಿ" ಎಂದು ನಮ್ಮನೆಯವರು ನುಗ್ಗಿಯೇ ಬಿಟ್ಟರು. ಆಮೇಲೆ ಅವರನ್ನು ಹಿಡಿಯುವುದಾಗಲಿಲ್ಲ. ಅಜ್ಜಿ ಒಂದು ತಲೆ ಹಿಂದೆ ಹೋದರೆ ಇವರು ಎರಡು ತಲೆ ಹೋದರು. ಕೊನೆಗೆ ಅಜ್ಜಿಯ ಸೋದರತ್ತೆಯನ್ನೇ ನಮ್ಮ ಮುತ್ತಜ್ಜನಿಗೆ ಕೊಟ್ಟಿದ್ದರೆಂದು ಸಿಕ್ಕಿತು. ಅಜ್ಜಿ ನನ್ನ ಗಲ್ಲ ಹಿಡಿದು ಕಣ್ಣೀರಿಟ್ಟರು. ವೀರಭದ್ರಪ್ಪನವರು ಇವರನ್ನು ತಬ್ಬಿಕೊಂಡರು. ಇವರೂ ಖುಷಿಯಿಂದ ಅವರ ಬೆನ್ನು ತಟ್ಟುತ್ತ ಇದ್ದವರು, ಬಂದ ಕೆಲಸ ನೆನಪಾಗಿ, ಕೈಯನ್ನು ಗಾಳಿಯಲ್ಲೇ ನಿಲ್ಲಿಸಿದರು.

"ಹಂಗಾದ್ರೆ... ಇದು ಆಗಂಗಿಲ್ರಿ."

"ಎಂಥ ಮಾರಾಯ್ರೆ! ಪರಕೀಯರಾಗಿದ್ದಾಗ ಬೇಕಿತ್ತು, ನಮ್ಮೋರು ಅಂದ ಕೂಡ್ಲೆ ಬ್ಯಾಡ್ವಾ?" ಎಂದರು ವೀರಭದ್ರಪ್ಪನವರು.

ಇವರು ಡಾಕ್ಟರ ಮಾತು ಹೇಳಿದರು. ಗಿರಿಜಾಳ ಕಡೆ ನೋಡದೆ ಹೇಳಿದರು, ಅದರಿಂದಲೇ ಎಲ್ಲರೂ ಅವಳ ಕಡೆ ನೋಡಿದರು. ಅವಳು ನನ್ನ ತೋಳು ಜಗ್ಗಿ, ಏನಾಯಿತು ಎಂದು ಕೈ ತಿರುವಿದಳು. ನಮ್ಮ ಮನೆಯ ಕೈಮಾತಿನಲ್ಲಿ ಅಕ್ಕಿಗೆ, ಅತ್ತೆಗೆ, ಜಗಳಕ್ಕೆ ಎಲ್ಲದಕ್ಕೂ ಸನ್ನೆಯಿದೆ. ಇದಕ್ಕೆ ನನ್ನ ಕೈ ಏಳಲಿಲ್ಲ. ಮಂಜುನಾಥನೇ ಹೇಳಿದ: ತೊಟ್ಟಿಲು ತೂಗಿದ, ಅವಳನ್ನು ತೋರಿಸಿದ, ಕೈಯಾಡಿಸಿ ಬೇಡ ಎಂದ. ಗಿರಿಜಾ ನನ್ನ ತೋಳು ಬಿಟ್ಟಳು.

ಆಗ ಬಾಗಿಲ ಹತ್ತಿರ ನಿಂತಿದ್ದ ಶೋಭಾ ಮಾತಾಡಿದಳು. "ಅಷ್ಟು ಹಳೇ ನೆಂಟಸ್ತನ ಲೆಕ್ಕಕ್ಕೆ ಬರ್ತದ ಅಂತ ಡಾಕ್ಟ್ರನ್ನೇ ಕೇಳನ, ನಾನೂ ಬರ್ತೀನಿ. ಆದ್ರೆ ಹೊರಗಿನ ಹುಡುಗಿ ತಂದ್ರೂ ಕಿವಿ ಕೇಳದ ಮಗು ಹುಟ್ಟಬಹುದಲ್ಲ. ಹುಟ್ಟಿದ್ರೆ ನಿಮ್ಮನೇಲಿ ಎಂಥ ಮಾಡ್ತೀರಿ? ಅದನ್ನ ಮೊದ್ಲು ಹೇಳಿ."

ಇವರು ನನ್ನ ಮುಖ ನೋಡಿದರು. ನಾನು ಬಾಳೆಹಣ್ಣು ನೋಡಿದೆ. ಮಂಜುನಾಥ ಪ್ರಶ್ನೆಯನ್ನು ಹಾಗೇ ತಂಗಿಗೆ ದಾಟಿಸಿದ. ಗಿರಿಜಾ ಸೆರಗು ಸೊಂಟಕ್ಕೆ ಸಿಕ್ಕಿಸಿ, ಹುಬ್ಬು ಗಂಟಿಕ್ಕಿ, ಬೆರಳು ಆಡಿಸಿದಳು. ಥೇಟ್ ನಾನೇ. ಆಮೇಲೆ ಅಣ್ಣನನ್ನು ತೋರಿಸಿ, ತನ್ನನ್ನು ತೋರಿಸಿ, ಎರಡೂ ಅಂಗೈಗಳನ್ನು ತಕ್ಕಡಿಯಂತೆ ಸಮ ಹಿಡಿದಳು.

"ಅಮ್ಮ ಬೈತಾಳೆ ಅಂತಾಳೆ" ಎಂದ ಮಂಜುನಾಥ. "ನಂಗೆ ಬೈದಷ್ಟೇ ಅವ್ಳಿಗೂ."

ಶೋಭಾ ನಕ್ಕಳು. "ಹಂಗಾದ್ರೆ ಅಡ್ಡಿಲ್ಲ."

ಮುಂದಿನ ವಾರ ಎರಡೂ ಕಡೆಯವರು ಕೂಡಿ ಶಿವಮೊಗ್ಗಕ್ಕೆ ಹೋಗುವುದೆಂದಾಯಿತು. ನೆಂಟರೆಂದ ಮೇಲೆ ಬರಿಗೈಯಲ್ಲಿ ಕಳಿಸುವುದುಂಟೇ ಎಂದು ಅಜ್ಜಿ ಒಂದು ಗೊನೆ ಬಾಳೆಕಾಯಿ ಹೊರಿಸಿದರು.

ವಾಪಸು ಬರುವಾಗ ಸೊರಬ ದಾಟಿದ ಮೇಲೆ ಕೂರಲು ಜಾಗ ಸಿಕ್ಕಿತು. ಗಂಡಸರಿಬ್ಬರೂ ಮುಂದೆ ನಿದ್ದೆ ಹೋದರು. ಗಿರಿಜಾ ನನ್ನ ಕಡೆ ತಿರುಗಿದಳು. ತೊಟ್ಟಿಲು, ತಾನು, ಆಮೇಲೆ ನನ್ನ ಹಣೆಯ ಮೇಲೆ ಬೆರಳು: ಮೊದಲೇ ಗೊತ್ತಾಗಿದ್ದರೆ ನನ್ನನ್ನು ಬೇಡ ಅಂತಿದ್ದೆಯಾ?

ಎದೆಯ ಮೇಲೆ ಕೈ ಬಡಿದು, ಹೆದರುತ್ತಿದ್ದೆ ಎಂದು ಸನ್ನೆ ಮಾಡಿದೆ. ಅದು ನಿಜ. ಅವಳು ತಲೆಯಾಡಿಸಿ ಉಳಿದ ಮಾತಿಗೆ ಕಾದಳು. ಅಷ್ಟರಲ್ಲಿ ರಸ್ತೆ ಕೆಟ್ಟಿತು. ಬಸ್ಸು ಎತ್ತಿ ಎತ್ತಿ ಹಾಕತೊಡಗಿತು. ಒಂದು ಕೈಯಲ್ಲಿ ಕಂಬಿ, ಇನ್ನೊಂದರಲ್ಲಿ ಬಾಳೆಗೊನೆ ಹಿಡಿದವಳಿಗೆ ಮಾತಾಡಲು ಕೈಯೆಲ್ಲಿಂದ ಬರಬೇಕು? ಗಿರಿಜಾ ಮಾತ್ರ ಕಣ್ಣು ಕದಲಿಸದೆ ನನ್ನ ಕೈಗಳನ್ನೇ ನೋಡುತ್ತಿದ್ದಳು.

ಡಾಂಬರು ಸಿಕ್ಕಿದೊಡನೆ ಗೊನೆಯನ್ನು ಬಿಟ್ಟೆ. ಅದು ಉರುಳಿ ಹೋಯಿತು. ಅವಳನ್ನು ತೋರಿಸಿ, ನನ್ನ ಮಡಿಲು ತೋರಿಸಿ, ಮುಷ್ಟಿ ಬಿಗಿ ಹಿಡಿದೆ: ಆದರೂ ನಿನ್ನನ್ನು ಬಿಡುತ್ತಿರಲಿಲ್ಲ.

ಇಷ್ಟು ತಡವೇಕೆ ಎಂದು ಅವಳು ಮಣಿಕಟ್ಟು ತಟ್ಟಿದಳು. ನಾನು ರಸ್ತೆಯನ್ನು ತೋರಿಸಿದೆ. ಅವಳು ಕಿಟಕಿಯಿಂದ ಬಗ್ಗಿ, ಹಿಂದೆ ಉಳಿದ ಆ ಗುಂಡಿಗಳನ್ನು ಒಮ್ಮೆ ಸರಿಯಾಗಿ ನೋಡಿ, ಆಮೇಲೆಯೇ ಒಪ್ಪಿದಳು.